ಭದ್ರಾವತಿಯ ಮುತ್ತೈದೆ

ಮಾಚೇನಹಳ್ಳಿ ದಾಟಿ ಬಸ್ಸು ವೇಗ ಹಿಡಿದ ಮೇಲೆ ನಾನು ಪರ್ಸ್ ತೆರೆದು, ಒಳಜೇಬಿನ ಪ್ಯಾಕೆಟ್ಟಿನಿಂದ ಒಂದು ಕೆಂಪು ಸ್ಟಿಕ್ಕರ್ ಬಿಡಿಸಿ ಹಣೆಗೆ ಒತ್ತಿಕೊಳ್ಳುತ್ತಿದ್ದೆ. ಆಮೇಲೆ ಕರಿಮಣಿ ಸರ. ಅದರ ಕೊಂಡಿ ಹಳೆಯದು, ಬಸ್ಸಿನ ಕುಲುಕಾಟದಲ್ಲಿ ಬೆರಳಿಗೆ ಸಿಗುತ್ತಿರಲಿಲ್ಲ. ಒಂದು ದಿನ ಪಕ್ಕದ ಸೀಟಿನಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ ಕೈ ಚಾಚಿದಳು.

"ಕೊಡಿ ಇಲ್ಲಿ, ನಾನ್ ಹಾಕ್ತೀನಿ. ಯಾರ್ ಮದ್ವೆಗೆ ಹೊರಟಿದೀರಿ?"

"ಮದುವೆ ಅಲ್ಲ. ಅತ್ತೆ ಮನೆಗೆ."

"ಅಯ್ಯೋ ಮಾರಾಯ್ರೆ, ಈ ವಯಸ್ಸಲ್ಲೂ ಅತ್ತೆಗೆ ಹೆದರ್ಕೊಂಡು ಬಸ್ಸಲ್ಲಿ ಮೇಕಪ್ಪಾ? ನಮ್ಮತ್ತೆ ಹೋದ್ಮೇಲೆ ನಾನಂತೂ ಕನ್ನಡೀನೇ ನೋಡಿಲ್ಲ!"

ಅವಳು ನಕ್ಕಳು, ನಾನೂ ನಕ್ಕೆ. ನಗುವುದು ನನಗೇನೂ ಕಷ್ಟವಾಗಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಯಾವುದೂ ಕಷ್ಟವಾಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವ ಮೊದಲು ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟರೆ ಅರ್ಧ ಮುಖ ನಂಬ್ ಆಗುತ್ತದಲ್ಲ, ಮುಟ್ಟಿದರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ. ನಾನು ಪೂರ್ತಿ ಹಾಗಿದ್ದೆ.

ವಿಷಯ ಇಷ್ಟೇ. ನನ್ನ ಗಂಡ ಆ ವರ್ಷ ಜನವರಿಯಲ್ಲಿ ಆಫ್ರಿಕಾದ ಲುಸಾಕಾದಲ್ಲಿ ತೀರಿಕೊಂಡಿದ್ದರು. ಅದು ಶಿವಮೊಗ್ಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಭದ್ರಾವತಿಯಲ್ಲಿ ಅವರ ತಾಯಿಗೆ ಗೊತ್ತಿರಲಿಲ್ಲ.

ನಮ್ಮವರು ಭದ್ರಾವತಿಯ ಕಾರ್ಖಾನೆಯಲ್ಲಿ ಮೆಟಲರ್ಜಿಸ್ಟ್ ಆಗಿದ್ದವರು. ನಮ್ಮ ಮದುವೆಯಾದ ಹೊಸತರಲ್ಲಿ ಜಾಂಬಿಯಾದ ತಾಮ್ರದ ಗಣಿಗೆ ಕಾಂಟ್ರಾಕ್ಟ್ ಮೇಲೆ ಹೋದರು, ನಾನೂ ಹೋದೆ. ಎರಡು ವರ್ಷಕ್ಕೆಂದು ಹೋದವರು ಅಲ್ಲೇ ಮುದುಕರಾದೆವು. ನಾನು ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಮಗಳು ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಈಗ ಅಲ್ಲೇ ಒಂದು ಫಾರ್ಮಸಿ ನಡೆಸುತ್ತಾಳೆ. ಅಲ್ಲಿಯ ಜನ ಬಿಳಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆಯಂಥದ್ದು ಮಾಡುತ್ತಾರೆ, ನ್‌ಶಿಮಾ ಅಂತ. ಅದನ್ನು ಸೊಪ್ಪಿನ ಪಲ್ಯದ ಜೊತೆ ಕೈಯಲ್ಲೇ ಉಂಡು ಉಂಡು, ನಾವು ಊರು ಬಿಟ್ಟು ಬಂದಿದ್ದೇವೆ ಎಂಬುದೇ ಮರೆತುಹೋಗಿತ್ತು. ವಯಸ್ಸಾದಾಗ ನೆನಪಾಯಿತು. ಸವಳಂಗ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಕೊಂಡೆವು. ಮಾರ್ಚ್ ತಿಂಗಳಿಗೆ ಇಬ್ಬರಿಗೂ ಟಿಕೆಟ್ ಬುಕ್ ಆಯಿತು. ಆಮೇಲೆ ಅವರ ಟಿಕೆಟ್ ಕ್ಯಾನ್ಸಲ್ ಆಯಿತು, ನನ್ನದು ಉಳಿಯಿತು.

ಅಲ್ಲಿಯ ಗುಜರಾತಿ ಜನ ಕಟ್ಟಿಸಿದ ಸ್ಮಶಾನದಲ್ಲಿ ಎಲ್ಲ ಮುಗಿಸಿ ಮನೆಗೆ ಬಂದ ದಿನವೇ ಭದ್ರಾವತಿಯಿಂದ ನಾದಿನಿ ಫೋನ್ ಮಾಡಿದಳು. ಅವಳು ಮದುವೆಯಾಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿ, ತೊಂಬತ್ತು ದಾಟಿದ ತಾಯಿಯನ್ನು ನೋಡಿಕೊಂಡು ಹಳೇನಗರದ ಮನೆಯಲ್ಲಿದ್ದಾಳೆ. ಫೋನಿನಲ್ಲಿ ತುಂಬಾ ಅತ್ತಳು. ಅತ್ತು ಮುಗಿದ ಮೇಲೆ ಬ್ಯಾಂಕಿನ ಧ್ವನಿಗೆ ಬಂದಳು.

"ಅತ್ತಿಗೆ, ಅಮ್ಮಂಗೆ ಹೇಳಿಲ್ಲ. ಡಾಕ್ಟ್ರು ಮೊನ್ನೆ ತಾನೇ ಹೇಳಿದಾರೆ, ಹಾರ್ಟ್ ವೀಕಾಗಿದೆ, ಶಾಕ್ ಕೊಡ್ಬೇಡಿ ಅಂತ. ಹೇಳಿದ್ರೆ ಅಮ್ಮನೂ ಹೋಗ್ಬಿಡ್ತಾಳೆ. ಒಂದೇ ತಿಂಗಳಲ್ಲಿ ಇಬ್ರನ್ನ ನನ್ನ ಕೈಲಿ ಆಗಲ್ಲ."

ನಾನು ಹೂಂ ಅಂದೆ.

"ನೀವು ಬಂದಾಗ ಸ್ವಲ್ಪ… ಹಣೆಗಿಣೆ ಮೊದಲಿನ ಹಾಗೇ ಇರ್ಲಿ."

ಅದಕ್ಕೂ ಹೂಂ ಅಂದೆ. ನನಗೆ ಅದರಲ್ಲಿ ತಪ್ಪೂ ಕಾಣಲಿಲ್ಲ, ಸರಿಯೂ ಕಾಣಲಿಲ್ಲ. ವೆರಿ ಸೆನ್ಸಿಬಲ್ ಅಂದುಕೊಂಡೆ ಅಷ್ಟೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ವೈಟ್ ಲೈ ಎಂಬುದೇ ಇಲ್ಲ, ಸುಳ್ಳಿಗೆ ಬಣ್ಣವಿಲ್ಲ ಎನ್ನುತ್ತಿದ್ದರು. ಪಾಪ, ಅವರಿಗೆ ಅತ್ತೆ ಇರಲಿಲ್ಲ.

ಹೀಗೆ ನಾನು ಊರಿಗೆ ವಾಪಸಾದೆ. ಶಿವಮೊಗ್ಗದ ಫ್ಲ್ಯಾಟಿನಲ್ಲಿ ಬೋಳು ಹಣೆ. ಎದುರು ಮನೆಯವರು ಬಾಗಿಲಲ್ಲಿ ನಿಂತು ಮೆತ್ತಗೆ ಮಾತಾಡಿಸುತ್ತಿದ್ದರು, ಲಿಫ್ಟಿನಲ್ಲಿ ಜನ ಧ್ವನಿ ತಗ್ಗಿಸುತ್ತಿದ್ದರು. ವಾರಕ್ಕೆರಡು ಸಲ ಬಸ್ಸು ಹತ್ತಿ ಭದ್ರಾವತಿಗೆ ಬಂದರೆ ನಾನು ಗಂಡ ಇರುವವಳು. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವವಳು ದೂರದಿಂದಲೇ ಮೊಳ ಹಾಕಲು ಶುರು ಮಾಡುತ್ತಿದ್ದಳು. ನಾನು ಕೊಳ್ಳುತ್ತಿದ್ದೆ, ಮುಡಿಯುತ್ತಿದ್ದೆ. ಅರ್ಧ ಗಂಟೆಯ ದಾರಿ, ಅಷ್ಟರಲ್ಲಿ ಒಬ್ಬ ಮನುಷ್ಯ ಮತ್ತೆ ಬದುಕುತ್ತಿದ್ದ. ಸಂಜೆ ವಾಪಸ್ ಬರುವಾಗ ಸ್ಟಿಕ್ಕರನ್ನು ತೆಗೆದು ಬಸ್ಸಿನ ಕಿಟಕಿಯ ಕಂಬಿಗೆ ಅಂಟಿಸುತ್ತಿದ್ದೆ.

ಅತ್ತೆ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು.

"ಬಂದ್ಯಾ? ಅವನು ಯಾವಾಗ ಬರ್ತಾನಂತೆ?"

"ಅಲ್ಲಿ ಪೇಪರ್ಸ್ ಮುಗಿದಿಲ್ಲ ಅತ್ತೆ. ಪೆನ್ಶನ್‌ದು."

"ಹೆಂಡ್ತಿನ ಮುಂದೆ ಕಳಿಸಿ ತಾನು ಹಿಂದೆ ಉಳಿಯೋದು. ಸ್ಕೂಲಿಗೂ ಹೀಗೇ, ತಂಗಿನ ಮುಂದೆ ಕಳಿಸಿ ಇವನು ಹೊಳೆ ಹತ್ರ. ಬೆನ್ನು ನೋವು ಹೇಗಿದೆ?"

"ಸ್ವಲ್ಪ ಕಡಿಮೆ."

ಮುಂದಿನ ವಾರವೂ ಅದೇ ಪ್ರಶ್ನೆ. "ಈಗ ಪರವಾಗಿಲ್ಲ" ಅನ್ನುತ್ತಿದ್ದೆ. ಅದರ ಮುಂದಿನ ವಾರ ನಮ್ಮವರು ವಾಕಿಂಗ್ ಶುರು ಮಾಡಿದರು. ಆಮೇಲೆ ಹೊಸ ಕನ್ನಡಕ ಹಾಕಿಸಿಕೊಂಡರು. ಬಿ.ಪಿ. ಕಂಟ್ರೋಲಿಗೆ ಬಂತು. ನಿಜವಾಗಿ ಬದುಕಿದ್ದಾಗ ನನ್ನ ಒಂದು ಮಾತೂ ಕೇಳದೆ ಸಿಗರೇಟು ಸೇದುತ್ತಿದ್ದ ಮನುಷ್ಯ ಭದ್ರಾವತಿಯಲ್ಲಿ ವಾರದಿಂದ ವಾರಕ್ಕೆ ಆರೋಗ್ಯವಂತನಾಗುತ್ತಿದ್ದ. ಅಡಿಗೆಮನೆಯಲ್ಲಿ ನಾದಿನಿ ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ತಿರುಗಿ ನೋಡುತ್ತಿರಲಿಲ್ಲ.

ನಾದಿನಿಗೆ ತಾಯಿಯ ಜೀವ ಉಳಿಸುವ ಚಿಂತೆ. ನನ್ನ ಚಿಂತೆ ಏನೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳಲು ನನಗೂ ಬರುತ್ತಿರಲಿಲ್ಲ. ಈಗ ಹೇಳಬಲ್ಲೆ. ಅವರನ್ನು ಹೆತ್ತವರ ಎದುರು ಕೂತು ಅವರು ಸತ್ತರು ಎಂದು ಒಮ್ಮೆ ಹೇಳದೆ, ನನ್ನ ಪಾಲಿಗೆ ಅವರು ಸತ್ತಿರಲಿಲ್ಲ. ಬದುಕಿಯೂ ಇರಲಿಲ್ಲ. ಏರ್‌ಪೋರ್ಟಿನಲ್ಲಿ ಬೆಲ್ಟಿನ ಮೇಲೆ ಸುತ್ತುತ್ತಲೇ ಇರುವ ಯಾರದೋ ಸೂಟ್‌ಕೇಸಿನ ಹಾಗೆ ಎಲ್ಲ ಸುತ್ತುತ್ತಿತ್ತು.

ಯುಗಾದಿ ಬಂತು. ಎಡವಟ್ಟಾಗಿದ್ದು ಅಲ್ಲೇ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ನಾದಿನಿ ತಾಯಿಗೆ ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದಳು, ಅಣ್ಣನ ಜೊತೆ ಮಾತಾಡುವವಳ ಹಾಗೆ ಸುಳ್ಳು ಫೋನ್ ಕಾಲ್ ಕೂಡ ಮಾಡುತ್ತಿದ್ದಳು. ಆದರೆ ಸೂತಕದ ಮನೆಯಲ್ಲಿ ಬಾಗಿಲಿಗೆ ಮಾವಿನೆಲೆ ಕಟ್ಟಿ, ದೇವರಿಗೆ ಹೋಳಿಗೆ ಎಡೆ ಇಡಲು ಅವಳ ಕೈ ಬರಲಿಲ್ಲ.

"ಸುಮ್ನೆ ಒಂದು ಪಾಯಸ ಮಾಡು," ಎಂದೆ ನಾನು. "ಬಿ ಪ್ರಾಕ್ಟಿಕಲ್."

"ಅಮ್ಮಂಗೆ ಸುಳ್ಳು ಹೇಳಿದ್ರೆ ದೇವರು ಕ್ಷಮಿಸ್ತಾನೆ ಅತ್ತಿಗೆ. ದೇವರಿಗೇ ಸುಳ್ಳು ಹೇಳಿದ್ರೆ ಯಾರು ಕ್ಷಮಿಸ್ತಾರೆ?"

ಬೆಳಗ್ಗೆ ಅತ್ತೆ ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮುಗಿಸಿ ಮಂಚದ ಮೇಲೆ ಕೂತು ಅಂಗೈ ಚಾಚಿದರು, ಬೇವುಬೆಲ್ಲಕ್ಕೆ. ಕೈ ಚಾಚಿಯೇ ಇತ್ತು.

"ಎಲ್ಲೇ?"

ನಾದಿನಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಹಬ್ಬ ಇಲ್ಲಮ್ಮ. ಸೂತಕ ಬಂದಿದೆ."

"ಯಾರು ಹೋದ್ರು?"

"ಹೊಳಲೂರಿನ… ಚಿಕ್ಕಪ್ಪನ ಮಗ."

ಅವಳ ಬಾಯಿಗೆ ಮೊದಲು ಬಂದ ದಾಯಾದಿ ಅವನು. ಹೊಳಲೂರಿನಲ್ಲಿ ತೋಟ ನೋಡಿಕೊಂಡು, ಗುಂಡುಕಲ್ಲಿನ ಹಾಗಿರುವ ಆಸಾಮಿ. ಅತ್ತೆ ಚಾಚಿದ ಕೈಯನ್ನು ಮಡಿಲಿಗೆ ತೆಗೆದುಕೊಂಡರು. "ಅಯ್ಯೋ, ಹೊಳೆ ದಾಟಿಸಿ ಕರ್ಕೊಂಡು ಬರ್ತಿದ್ದೆ ಅವನನ್ನ, ಸೊಂಟದ ಮೇಲೆ," ಎಂದು ಅತ್ತರು. ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ, ಹಬ್ಬದ ಸ್ನಾನದ ಮೇಲೆ ಇನ್ನೊಂದು ಸ್ನಾನ ಮಾಡಿಸಿಕೊಂಡರು. ನೀರು ಹಾಕಿದವಳು ನಾದಿನಿ. ಹೊರಗೆ ಬಂದವಳೇ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ನೋಡಿದ್ರಾ ಅತ್ತಿಗೆ, ತಡ್ಕೊಂಡ್ಳು. ಏನೂ ಆಗ್ಲಿಲ್ಲ." ಅವಳಿಗೆ ಅದೊಂದು ಟೆಸ್ಟ್ ಡೋಸ್ ಕೊಟ್ಟ ಹಾಗಾಗಿತ್ತು. ಆದರೂ ನಿಜ ಹೇಳುವ ಧೈರ್ಯ ಬರಲಿಲ್ಲ, ಅವಳಿಗೂ, ನನಗೂ.

ಸತ್ತವನಿಗೆ ಮಾತ್ರ ಈ ವಿಷಯ ಯಾರೂ ತಿಳಿಸಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಬಿಸಿಲು ಹೇಗಿತ್ತೆಂದರೆ ರಸ್ತೆಯ ನಾಯಿಗಳೂ ಆಟೋ ಕೆಳಗೆ ಮಲಗಿದ್ದವು. ನಾನು ಅತ್ತೆಯ ಕಾಲುಗುರು ಕತ್ತರಿಸುತ್ತಿದ್ದೆ. ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ನಾದಿನಿ ಕಿಟಕಿಯಿಂದ ನೋಡಿ, ಚಪ್ಪಲಿಯೂ ಇಲ್ಲದೆ ಹೊರಗೆ ಓಡಿದಳು. ನಾನೂ ಎದ್ದು ಬಾಗಿಲಿಗೆ ಹೋದೆ. ಹೊಳಲೂರಿನವನು ಸ್ಕೂಟರಿನ ಕಾಲಿಡುವ ಜಾಗದಿಂದ ದೊಡ್ಡ ಹಲಸಿನ ಹಣ್ಣು ಇಳಿಸುತ್ತಿದ್ದ.

ಅವನು ಬಂದದ್ದು ನನ್ನನ್ನು ಮಾತಾಡಿಸಲು. ಗಂಡ ಸತ್ತವಳನ್ನು ಮಾತಾಡಿಸಿಕೊಂಡು ಹೋಗುವುದು ನಮ್ಮಲ್ಲಿ ಕರ್ತವ್ಯ. ಬೆಳಗ್ಗೆ ನನ್ನ ಫ್ಲ್ಯಾಟಿಗೆ ಹೋಗಿದ್ದನಂತೆ, ಬೀಗ ನೋಡಿ ಇಲ್ಲಿಗೆ ಬಂದಿದ್ದ. ದೊಡ್ಡಮ್ಮನಿಗೆ ವಿಷಯ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಹೆದರ್ಬೇಡ ಮಾರಾಯ್ತಿ, ನಾನ್ ಬಾಯ್ ಬಿಡಲ್ಲ," ಎಂದ ಮೆಲ್ಲಗೆ.

"ಅದಲ್ವೋ. ನೀನು ಒಳಗೆ ಬರಂಗಿಲ್ಲ. ನೀನು… ನೀನು ಸತ್ತಿದೀಯ."

"ಹಾಂ?"

"ಅಮ್ಮಂಗೆ ಹಾಗಂತ ಹೇಳಿದೀನಿ."

ಅವನು ಹಲಸಿನ ಹಣ್ಣನ್ನು ಕಾಂಪೌಂಡಿನ ಮೇಲಿಟ್ಟ. "ಯಾವತ್ತು?"

"ಯುಗಾದಿಗೆ."

"ಏನಾಗಿ ಸತ್ತೆ?"

"ಹಾರ್ಟು."

"ಥೂ ನಿನ್ನ! ನಂಗಿರೋದು ಶುಗರ್ರು. ಸಾಯಿಸೋಳು ಒಂದ್ ಫೋನ್ ಮಾಡಿ ಕೇಳೋದಲ್ವಾ?"

ನಾದಿನಿ ನಕ್ಕಳು. ಜೋರಾಗಿ ಅಲ್ಲ, ಆದರೆ ನಕ್ಕಳು. ಒಳಗಿನಿಂದ ಅತ್ತೆಯ ಧ್ವನಿ ಬಂತು.

"ಯಾರೇ ಅದು? ಹೊಳಲೂರಿನವನ ದನಿ ಇದ್ದ ಹಾಗಿದೆ."

ಮೂವರೂ ನಿಂತಲ್ಲೇ ನಿಂತೆವು.

"ಸತ್ತವನು ಬಿಸಿಲಲ್ಲಿ ಯಾಕೆ ನಿಂತಿದಾನೆ, ಒಳಗೆ ಕರಿ," ಎಂದರು ಅತ್ತೆ.

ಅವನು ಒಳಗೆ ಬಂದು ಕಾಲಿಗೆ ನಮಸ್ಕಾರ ಮಾಡಿದ. ಅತ್ತೆ ಅವನ ತೋಳನ್ನು ಹಿಡಿದು, ಒತ್ತಿ, ಮಣಿಕಟ್ಟಿನವರೆಗೆ ಸವರಿ ನೋಡಿದರು.

"ಗಟ್ಟಿಯಾಗೇ ಇದೀಯಲ್ಲೋ."

"ನಮ್ಮೂರಲ್ಲಿ ನನ್ನ ಹೆಸರಿನವನೇ ಇನ್ನೊಬ್ಬ ಇದ್ದ ದೊಡ್ಡಮ್ಮ. ಹೋಗಿದ್ದು ಅವನು. ಇವಳು ನನ್ನನ್ನ ಅಂತ ತಿಳ್ಕೊಂಡಿದಾಳೆ. ಬಿಡಿ, ಬದುಕಿದ್ದಾಗ್ಲೇ ಸತ್ತ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿಯಂತೆ. ಇನ್ನೂ ಇಪ್ಪತ್ತು ವರ್ಷ ನಿಮಗೆಲ್ಲ ನನ್ನ ಕಾಟ ಗ್ಯಾರಂಟಿ."

ಅತ್ತೆ ನಕ್ಕರು. ತೋಟಕ್ಕೆ ನೀರು ಸಾಕಾ, ಹಸು ಕರು ಹಾಕಿತಾ, ಎಂದು ಕೇಳಿದರು. ನಾದಿನಿ ಅನ್ನ ಬಡಿಸಿದಳು. ಅವನು ಚೆನ್ನಾಗಿ ಉಂಡ. ಎಲ್ಲ ಸರಿಹೋಯಿತು ಎಂದು ನಾದಿನಿಯ ಮುಖದಲ್ಲಿತ್ತು.

ಹೊರಡುವಾಗ ನಾನು ಗೇಟಿನವರೆಗೆ ಹೋದೆ. ಅಷ್ಟು ದೂರ ನನ್ನನ್ನು ಮಾತಾಡಿಸಲೆಂದೇ ಬಂದವನು. ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಹಣೆ ನೋಡಿದ, ಕೊರಳು ನೋಡಿದ, ತಲೆಯಲ್ಲಿದ್ದ ಹೂ ನೋಡಿದ. ಮುತ್ತೈದೆಯ ಹಾಗೆ ನಿಂತವಳಿಗೆ ಅವನು ಯಾವ ಕಂಡೋಲೆನ್ಸ್ ಹೇಳಬೇಕು?

"ಬರ್ತೀನಿ ಅತ್ತಿಗೆ," ಎಂದಷ್ಟೇ ಹೇಳಿ ಸ್ಕೂಟರ್ ಸ್ಟಾರ್ಟ್ ಮಾಡಿದ.

"ನಿಧಾನವಾಗಿ ಹೋಗು," ಎಂದೆ. ಅದನ್ನೂ ಬಹಳ ಸಹಜವಾಗಿ ಹೇಳಿದೆ.

ಒಳಗೆ ಬಂದಾಗ ನಾದಿನಿ ನೆಲಕ್ಕೆ ಪೇಪರ್ ಹಾಸಿ, ಕತ್ತಿಗೆ ಎಣ್ಣೆ ಸವರಿ, ಹಲಸಿನ ಹಣ್ಣು ಹೆಚ್ಚಲು ಕೂತಿದ್ದಳು.

"ಅದನ್ನ ಈಗ ಹೆಚ್ಚಬೇಡ," ಎಂದರು ಅತ್ತೆ. "ನೀರು ಕಾಯ್ಸು."

"ಇಷ್ಟೊತ್ತಲ್ಲಿ ಯಾಕಮ್ಮ ನೀರು?"

"ತಲೆಗೆ ಹಾಕ್ಕೋಬೇಕು."

"ಬೆಳಗ್ಗೆ ತಾನೇ ಸ್ನಾನ ಆಗಿದೆ. ಶೀತ ಆಗುತ್ತೆ."

ಅತ್ತೆ ಮಾತಾಡಿದರು, ಲೆಕ್ಕ ಒಪ್ಪಿಸುವವರ ಹಾಗೆ, ಒಂದೊಂದೇ ಮಾತು.

"ದಾಯಾದಿ ಸೂತಕ ಹತ್ತು ದಿನ. ಯುಗಾದಿ ಕಳೆದು ಎಷ್ಟು ದಿನ ಆಯ್ತು? ನೀನು ಇನ್ನೂ ದೇವರ ಮುಂದೆ ರಂಗೋಲಿ ಎಳೆದಿಲ್ಲ. ನರಸಿಂಹ ಜಯಂತಿಗೆ ಪಾನಕ ಮಾಡ್ಲಿಲ್ಲ. ನಾನು ಕುರುಡಿ ಅಂತ ತಿಳ್ಕೊಂಡಿದೀಯ, ಏಲಕ್ಕಿ ವಾಸನೆ ಬಂತೋ ಇಲ್ವೋ ಅಂತ ಮೂಗಿಗೆ ಗೊತ್ತಾಗಲ್ವಾ? ಸತ್ತ ಅಂದವನು ಬಂದು ಉಂಡ್ಕೊಂಡು ಹೋದ. ಸೂತಕ ಮಾತ್ರ ಮನೇಲೇ ಇದೆ."

ನಾದಿನಿ ಕತ್ತಿ ಕೆಳಗಿಟ್ಟಳು.

"ಅವನಿಗೆ ಅಂತ ಅವತ್ತು ಹಾಕ್ಕೊಂಡ ನೀರು ಅವನಿಗೆ ಸೇರ್ಲಿಲ್ಲ. ಯಾರದೋ ಅವರಿಗೆ ಹಾಕ್ಬೇಕಲ್ಲ. ನೀರು ಕಾಯ್ಸು."

"ಅಮ್ಮಾ…"

"ನೀನು ಬೇಡ. ನೀನು ಸುಳ್ಳು ಹೇಳ್ತೀಯ. ಇವಳು ಹಾಕ್ಲಿ."

ಇವಳು ಎಂದರೆ ನಾನು. ನಾದಿನಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಅಷ್ಟೂ ತಿಂಗಳ ಹೆದರಿಕೆ ಒಟ್ಟಿಗೆ ಬಂದು ನಿಂತಿತ್ತು: ಈಗ ಆಗುತ್ತದೆ, ಈಗ ಅಮ್ಮ ಕುಸಿಯುತ್ತಾಳೆ. ನಾನು ಹೋಗಿ ಗೀಸರ್ ಸ್ವಿಚ್ ಹಾಕಿದೆ.

ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿದೆ. ಬೆನ್ನು ಎಷ್ಟು ಚಿಕ್ಕದಾಗಿತ್ತೆಂದರೆ ನಮ್ಮ ಸ್ಕೂಲಿನ ಒಂದನೇ ಕ್ಲಾಸಿನ ಮಕ್ಕಳ ನೆನಪಾಯಿತು. ಬಲ ಭುಜದ ಹತ್ತಿರ ಅವರಿಗೊಂದು ಕಪ್ಪು ಮಚ್ಚೆ ಇತ್ತು. ನಮ್ಮವರಿಗೂ ಅದೇ ಜಾಗದಲ್ಲಿ ಇತ್ತು. ಇಷ್ಟು ವರ್ಷ ಸೊಸೆಯಾಗಿದ್ದೂ ನಾನು ಅದನ್ನು ನೋಡಿರಲಿಲ್ಲ, ಏಕೆಂದರೆ ನಾನು ಇಲ್ಲಿ ಇರಲೇ ಇಲ್ಲ. ಮೊದಲ ಚೊಂಬು ನೀರು ತಲೆಗೆ ಹಾಕಿದೆ. ಅವರು ಮುಖ ಒರೆಸಿಕೊಳ್ಳಲಿಲ್ಲ.

"ಯಾವಾಗ?"

"ಸಂಕ್ರಾಂತಿ ಕಳೆದ ಮೇಲೆ."

"ಹೂಂ. ಹಾಕು."

ಇನ್ನೊಂದು ಚೊಂಬು ಹಾಕಿದೆ.

"ನರಳಿದ್ನಾ?"

"ಇಲ್ಲ ಅತ್ತೆ. ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲ."

"ಮಧ್ಯಾಹ್ನ ಅಂದ್ರೆ, ಊಟ ಆಗಿತ್ತಾ?"

"ಆಗಿತ್ತು."

"ಏನ್ ಮಾಡಿದ್ದೆ?"

ಇಷ್ಟು ತಿಂಗಳಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಯಾವ ಆಸ್ಪತ್ರೆ, ಎಷ್ಟು ವಯಸ್ಸು, ಇನ್ಶೂರೆನ್ಸ್ ಇತ್ತಾ, ಮಗಳು ಏನಂತಾಳೆ, ಎಲ್ಲ ಕೇಳಿದ್ದರು. ನಾನು ಯೋಚಿಸಬೇಕಾಯಿತು. ಆ ದಿನದ ಅಡಿಗೆಮನೆ, ಹೊರಗೆ ಹೊಯ್ಯುತ್ತಿದ್ದ ಮಳೆ, ಅಲ್ಲಿ ಜನವರಿಯಲ್ಲಿ ಮಳೆಗಾಲ, ಒಲೆಯ ಮೇಲಿದ್ದ ಕುಕ್ಕರ್, ಒಂದೊಂದೇ ಹಿಂದಕ್ಕೆ ಬಂದವು.

"ತೊಗರಿಬೇಳೆ ಸಾರು. ಬದನೆಕಾಯಿ ಪಲ್ಯ. ಆಮೇಲೆ ಮೊಸರನ್ನ."

"ಮೊಸರನ್ನ ಪೂರ್ತಿ ಉಂಡ್ನಾ, ಬಿಟ್ನಾ?"

"ಪೂರ್ತಿ ಉಂಡ್ರು. ಇನ್ನೊಂದು ಸೌಟು ಹಾಕಿಸ್ಕೊಂಡ್ರು."

ಅತ್ತೆ ತಲೆಯಾಡಿಸಿದರು. ತಲೆಗೂದಲಿನಿಂದ ನೀರು ಇಳಿದು ಮುಖದ ಮೇಲೆ ಹರಿಯುತ್ತಿತ್ತು, ಅದರಲ್ಲಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅವರು ಕುಸಿಯಲಿಲ್ಲ. ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ನಾನು ಹಾಕುತ್ತಲೇ ಇದ್ದೆ. ಬಕೆಟ್ ಖಾಲಿಯಾದಾಗ ನನ್ನ ಕೈಯ ಚೊಂಬು ತಳ ಕೆರೆಯಿತು, ಆ ಸದ್ದಿಗೆ ನನಗೆ ಒಮ್ಮೆಗೆ ಮೈ ನಡುಗಿತು. ಅಳು ಬರಲಿಲ್ಲ. ನಡುಕ ಮಾತ್ರ, ಚಳಿ ಹತ್ತಿದವರ ಹಾಗೆ, ಆ ಬಿಸಿಲಿನ ದಿನ.

"ನೀನು ಹಾಕ್ಕೊಂಡ್ಯಾ ಅವತ್ತು?" ಎಂದು ಕೇಳಿದರು.

"ಅಲ್ಲಿಂದ ಬಂದ ತಕ್ಷಣ ಫೋನ್ ಬಂತು. ಜನ ಬಂದ್ರು. ಆಮೇಲೆ…"

ಆಮೇಲೆ ಏನಾಯಿತೆಂದು ನಿಜವಾಗಿಯೂ ನೆನಪಿರಲಿಲ್ಲ. ಅತ್ತೆ ಗೋಡೆ ಸವರಿ ನಲ್ಲಿ ಹುಡುಕಿ, ತಾವೇ ತಿರುಗಿಸಿದರು. ಬಕೆಟ್ಟಿಗೆ ನೀರು ಬೀಳತೊಡಗಿತು.

ಬಾಗಿಲಾಚೆ ನಾದಿನಿ ನಿಂತಿದ್ದಳು. ಅವಳ ಉಸಿರು ನಮಗೆ ಕೇಳುತ್ತಿತ್ತು. ಬಾಗಿಲನ್ನು ಮೆಲ್ಲಗೆ ತಟ್ಟಿ ಕೇಳಿದಳು: "ಅಮ್ಮಾ, ಆಯ್ತಾ? ಟವೆಲ್ ಕೊಡ್ಲಾ?"

"ಎರಡು ಕೊಡು," ಎಂದರು ಅತ್ತೆ.